ಒಂಬತ್ತನೇ ನಂಬರಿನ ಹೆಲ್ಮೆಟ್

(ಹನ್ನೊಂದನೆಯ ಕಂತು)

"ಇದಕ್ಕೆ ಬಣ್ಣ ಹೊಡೆದವನು ನೀನೇ. ಇಲ್ಲ ಅಂತ ಮಾತ್ರ ಹೇಳಬೇಡ, ಸುಮ್ಮನೆ ಇಬ್ಬರ ಹೊತ್ತೂ ಹಾಳು. ಅಂಚಿನಲ್ಲಿ ಬಣ್ಣ ಇಳಿದು ಹನಿ ಕಟ್ಟಿದೆ ನೋಡು. ಈ ಊರಲ್ಲಿ ಇಷ್ಟು ಕೆಟ್ಟದಾಗಿ ಸ್ಪ್ರೇ ಹೊಡೆಯುವವನು ನಿನ್ನ ಬಿಟ್ಟರೆ ಇನ್ನೊಬ್ಬನಿಲ್ಲ."

ಪೇಂಟರ್ ನನ್ನ ಮೊಬೈಲನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಆಮೇಲೆ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಗದ್ದಕ್ಕೆ ಇಳಿಸಿದ.

"ನೀವು ಸೀಟಿಯಮ್ಮ ಅಲ್ವಾ? ಗಡಿಯಾರದ ಸರ್ಕಲ್ಲಲ್ಲಿ ನನ್ನ ಮೂರು ಸಲ ಹಿಡಿದಿದ್ರಿ."

"ನಾಲ್ಕನೇ ಸಲ ಹಿಡಿಯೋಕೆ ಬಂದಿಲ್ಲ. ರಿಟೈರ್ ಆಗಿ ಎರಡು ವರ್ಷ ಆಯ್ತು. ಫೋಟೋ ನೋಡು."

ಮೂವತ್ತೊಂದು ವರ್ಷ ಬಿಸಿಲಲ್ಲಿ ನಿಂತು ಸೀಟಿ ಊದಿ, ಟ್ರಾಫಿಕ್ ಹೆಡ್ ಕಾನ್‌ಸ್ಟೇಬಲ್ ಆಗಿ ಮನೆಗೆ ಹೋದವಳು ನಾನು. ಹೆಲ್ಮೆಟ್ಟನ್ನು ತಲೆಯೊಂದನ್ನು ಬಿಟ್ಟು ಇನ್ನೆಲ್ಲ ಕಡೆ ಹಾಕಿಕೊಂಡವರನ್ನು ನೋಡಿದ್ದೇನೆ. ಮೊಣಕೈಗೆ, ಕನ್ನಡಿಗೆ, ತರಕಾರಿ ತುಂಬಿಸಿ ಹ್ಯಾಂಡಲ್ಲಿಗೆ. ಈಗ ಯಾರಾದರೂ ಕಷ್ಟ ಅಂತ ಬಂದರೆ ಪತ್ತೆ ಮಾಡಿಕೊಡುತ್ತೇನೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತಾರೆ. ಇರಲಿ, ಇನ್ನೆಲ್ಲಿ ಇಟ್ಟುಕೊಳ್ಳಲಿ?

ಈ ಸಲ ಬಂದವಳು ಒಬ್ಬ ಹೆಣ್ಣುಮಗಳು. ಆರು ದಿನದ ಹಿಂದೆ ಅವಳ ಗಂಡ ಐಸ್ ಫ್ಯಾಕ್ಟರಿ ತಿರುವಿನಲ್ಲಿ ಬೈಕಿನಿಂದ ಬಿದ್ದು ಸತ್ತ; ಫೋಟೋದಲ್ಲಿದ್ದದ್ದು ಆಗ ಅವನ ತಲೆ ಮೇಲಿದ್ದ ಹೆಲ್ಮೆಟ್. ಅವನನ್ನು ಕೊಂದದ್ದು ನಿನ್ನ ತಮ್ಮನೇ ಅಂತ ಪೊಲೀಸರು ಅವಳ ಒಡಹುಟ್ಟಿದವನನ್ನು ಎಳೆದುಕೊಂಡು ಹೋದರು. ನಾಳೆ ಹನ್ನೊಂದಕ್ಕೆ ಕೋರ್ಟು. ಕೊಲೆ ಕೇಸು ಅಂತ ಒಂದು ಸಲ ಜೈಲಿಗೆ ಕಳಿಸಿದರೆ ವರ್ಷಗಟ್ಟಲೆ ಅವನು ಹೊರಗಿನ ಗಾಳಿ ಕುಡಿಯುವ ಹಾಗಿಲ್ಲ.

"ಇವರಂತೂ ಹೋದ್ರು, ತಮ್ಮನ್ನಾದ್ರೂ ಉಳಿಸ್ಕೊಡಿ" ಅಂದಿದ್ದಳು. ಅಷ್ಟೇ ಅಂದದ್ದು. ನಾನು ದೊಡ್ಡದಾಗಿ ಹೂಂ ಅಂದುಬಿಟ್ಟಿದ್ದೆ.

"ಯಾರು ತಂದುಕೊಟ್ಟಿದ್ದು ಇದನ್ನ?" ಅಂತ ಪೇಂಟರನನ್ನು ಕೇಳಿದೆ.

"ಗಡಿಬಿಡಿ."

ಗಡಿಬಿಡಿ ಅಂದರೆ ಅವಳ ತಮ್ಮ. ಭಾವ, ಬಾಮೈದ ಇಬ್ಬರಿಗೂ ಒಂದೇ ಮನೆ, ಒಂದೇ ಕೆಲಸ, ಒಂದೇ ಲ್ಯಾಬು. ಕ್ಲಿನಿಕ್ಕುಗಳಿಂದ ರಕ್ತದ ಸೀಸೆ ತುಂಬಿಕೊಂಡು ಬೈಕಿನಲ್ಲಿ ಲ್ಯಾಬಿಗೆ ಮುಟ್ಟಿಸುವುದು. ಇವನು ಊಟವನ್ನೂ ನಿಂತೇ ಮಾಡುತ್ತಾನೆ ಅಂತ ಲ್ಯಾಬಿನ ಬೈಕ್ ಡಿಪೋದವರು ಆ ಹೆಸರಿಟ್ಟಿದ್ದರು.

"ಯಾವಾಗ?"

"ಮೂರು ವಾರ ಆಗಿರಬಹುದು. ಎಡಗಡೆ ಅಂಗೈ ಅಗಲ ಕೆರೆದು ಹೋಗಿತ್ತು. ಪುಟ್ಟಿ ತುಂಬಿ, ಉಪ್ಪುಕಾಗದ ಉಜ್ಜಿ, ಎರಡು ಕೋಟ್ ಹೊಡೆದೆ. ಆದ್ರೆ ಹೊಡೆಯೋಕೆ ಮುಂಚೆ ಹೇಳಿದ್ದೆ ಅಮ್ಮಾ, ಆಮೇಲೆ ನನ್ನ ಮೇಲೆ ಬರಬೇಡಿ."

"ಏನಂತ ಹೇಳಿದ್ದೆ?"

ಅವನು ಗೋಡೆಗೆ ನೇತುಹಾಕಿದ್ದ ಹಳೇ ಹೆಲ್ಮೆಟ್ ಒಂದನ್ನು ಇಳಿಸಿ, ಒಳಬಟ್ಟೆ ಕಿತ್ತು, ಹೆಬ್ಬೆಟ್ಟಿನಿಂದ ಒತ್ತಿ ತೋರಿಸಿದ. "ಒಳಗೆ ಈ ಥರ್ಮಾಕೋಲ್ ಇದೆ ನೋಡಿ. ತಲೆ ಕಾಯೋದು ಇದು. ಮೇಲಿನ ಚಿಪ್ಪಲ್ಲ. ಜೋರಾಗಿ ಬಿದ್ದಾಗ ಇದು ಏಟು ತಿಂದು ತಾನು ಚಪ್ಪಟೆಯಾಗಿ ತಲೆ ಉಳಿಸುತ್ತೆ. ಅಲ್ಲಿಗೆ ಇದರ ಕಥೆ ಮುಗೀತು. ಎರಡನೇ ಸಲ ಬಿದ್ರೆ ಒಳಗೇನೂ ಇರಲ್ಲ, ಬರೀ ಬಣ್ಣ. ಅವನ ಹೆಲ್ಮೆಟ್ಟಲ್ಲಿ ಎಡಗಡೆ ಪೂರ್ತಿ ರಟ್ಟಿನ ಹಾಗೆ ಚಪ್ಪಟೆಯಾಗಿತ್ತು. ಇದು ಸತ್ತಿದೆ ಕಣೋ, ಬೇಕಾದ್ರೆ ಇದರಲ್ಲಿ ಹೂವಿನ ಗಿಡ ನೆಡು, ತಲೆಗೆ ಮಾತ್ರ ಹಾಕ್ಕೋಬೇಡ ಅಂದೆ."

"ಅವನೇನಂದ?"

"'ಬಣ್ಣ ಹೊಡಿ, ಬೇಗ ಹೊಡಿ.' ಅವನು ಯಾವತ್ತು ಬೇರೆ ಏನಾದ್ರೂ ಅಂದಿದಾನೆ?"

"ಸತ್ತ ಹೆಲ್ಮೆಟ್ಟನ್ನ ಡಿಪೋಗೆ ವಾಪಸ್ ಕೊಟ್ಟು ಹೊಸದು ತಗೋಬಹುದಿತ್ತಲ್ಲ?"

ಪೇಂಟರ್ ನಕ್ಕ. "ಅವರ ಡಿಪೋ ರೂಲ್ಸ್ ನಿಮಗೆ ಗೊತ್ತಿಲ್ಲ. ಹೆಲ್ಮೆಟ್ ಇಲ್ದೆ ಗೇಟು ತೆಗೆಯಲ್ಲ. ಹೊಸದು ಬೇಕಂದ್ರೆ ಎಲ್ಲಿ ಬಿದ್ದೆ, ಹೇಗೆ ಬಿದ್ದೆ ಅಂತ ಫಾರಂ ತುಂಬಬೇಕು. ಬಿದ್ದೆ ಅಂತ ಬರೆದವನನ್ನ ಎರಡು ತಿಂಗಳು ಗಾಡಿಯಿಂದ ಇಳಿಸಿ ಸೀಸೆ ತೊಳೆಯೋಕೆ ಕೂರಿಸ್ತಾರೆ. ಅದಕ್ಕೆ ಅಲ್ಲಿ ಯಾರೂ ಬೀಳೋದೇ ಇಲ್ಲ. ಎಲ್ರೂ ನನ್ನ ಹತ್ರ ಬರ್ತಾರೆ."

ಹಾಗಾದರೆ ದಿನಾ ಬೆಳಿಗ್ಗೆ ಆ ಗೇಟಿನಿಂದ ಸಾಲಾಗಿ ಹೊರಬೀಳುವ ಬಿಳೀ ಹೆಲ್ಮೆಟ್ಟುಗಳಲ್ಲಿ ಎಷ್ಟು ಜೀವಂತ ಇವೆಯೋ, ಎಷ್ಟು ಸತ್ತಿವೆಯೋ! ಮೂವತ್ತೊಂದು ವರ್ಷ ನಾನು ನೋಡಿದ್ದೂ ಅಷ್ಟೇ. ತಲೆ ಮೇಲೆ ಇದೆಯಾ? ಇದೆ. ಹೋಗು.

"ಕೋರ್ಟಲ್ಲಿ ಇಷ್ಟೂ ಹೇಳ್ತೀಯಾ?"

"ಹೇಳ್ತೀನಿ. ಹನಿ ಕಟ್ಟಿದ ವಿಷಯ ಮಾತ್ರ ಹೇಳಬೇಡಿ."

---

ಗೆದ್ದೆ ಅಂತಲೇ ಸ್ಟೇಷನ್ನಿಗೆ ಓಡಿದೆ. ಓಡಿದೆ ಅಂದರೆ, ನನ್ನ ಮಂಡಿ ಎಷ್ಟು ಬಿಡುತ್ತದೋ ಅಷ್ಟು.

ಇನ್ಸ್‌ಪೆಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸರ್ಕಲ್ಲಿನಲ್ಲಿ ನನ್ನ ಪಕ್ಕ ನಿಂತು ಕೈ ತೋರಿಸುವುದನ್ನು ಕಲಿತವರು. ಎಡಗೈ ಬಲಗೈ ಗೊತ್ತಾಗದೆ ಎರಡು ಬಸ್ಸುಗಳನ್ನು ಎದುರುಬದುರು ಬಿಟ್ಟಿದ್ದರು. ಈಗ ಅವರ ಮೇಜಿನ ಮೇಲೆ ಗಾಜು, ಗಾಜಿನ ಮೇಲೆ ಫೈಲು. ಕೆಟ್ಟವರಲ್ಲ. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಬೆರಳು ಮಡಿಸತೊಡಗಿದರು.

"ನೋಡಿ ಸೀಟಿಯಮ್ಮ. ಗಾಡಿಗೆ ಆಗಿರೋದೇನು? ಒಂದು ಕನ್ನಡಿ ಒಡೆದಿದೆ. ಹಿಂದಿನ ಪೆಟ್ಟಿಗೇಲಿ ರಕ್ತ ತುಂಬೋಕೆ ಒಯ್ಯೋ ನಲವತ್ತೆರಡು ಖಾಲಿ ಗಾಜಿನ ಸೀಸೆ ಇತ್ತು, ಒಂದೂ ಒಡೆದಿಲ್ಲ. ಅಷ್ಟು ಮೆಲ್ಲಗೆ ಬಿದ್ದಿದೆ. ಹೆಲ್ಮೆಟ್ಟಿನ ಮೇಲೆ ಒಂದು ಬಿರುಕಿಲ್ಲ. ಆದ್ರೆ ಒಳಗೆ ತಲೆಬುರುಡೆ ಒಡೆದಿದೆ. ಇಷ್ಟು ಮೆಲ್ಲಗೆ ಬಿದ್ರೆ, ಅದೂ ಹೆಲ್ಮೆಟ್ ಇದ್ದು, ಹೀಗಾಗಲ್ಲ ಅಂತ ಡಾಕ್ಟರೇ ಬರೆದಿದಾರೆ. ಅಂದ್ರೆ ಏಟು ಮೊದಲು, ಹೆಲ್ಮೆಟ್ ಆಮೇಲೆ."

"ಅದಕ್ಕೇ ಹೇಳ್ತಿರೋದು ಸಾರ್, ಹೆಲ್ಮೆಟ್ಟು ಸತ್ತಿತ್ತು."

"ಇನ್ನೂ ಮುಗಿದಿಲ್ಲ. ತಲೆ ಮೇಲಿದ್ದಿದ್ದು ಯಾರ ಹೆಲ್ಮೆಟ್ಟು? ಭಾವಂದು ನಾಲ್ಕನೇ ನಂಬರು. ಇದ್ದಿದ್ದು ಒಂಬತ್ತು, ಬಾಮೈದಂದು. ಅವತ್ತು ಬೆಳಿಗ್ಗೆ ಡಿಪೋ ಅಂಗಳದಲ್ಲಿ ಇವನು ಭಾವನ ಕುತ್ತಿಗೆಗೆ ಕೈ ಹಾಕಿದ್ದನ್ನ ಗೇಟಿನ ಕಾವಲುಗಾರ ಕಣ್ಣಾರೆ ನೋಡಿದಾನೆ. ಹತ್ತು ನಿಮಿಷಕ್ಕೆ ಭಾವ ಸತ್ತಿದಾನೆ, ಪಕ್ಕದಲ್ಲಿ ಇವನು ಕೈಯೆಲ್ಲ ರಕ್ತ ಮಾಡ್ಕೊಂಡು ಕೂತಿದಾನೆ. ಆರು ದಿನ ಆಯ್ತು, ಬಾಯಿಗೆ ಬೀಗ ಹಾಕ್ಕೊಂಡಿದಾನೆ. ತಪ್ಪಿಲ್ಲದವನು ಯಾಕೆ ಸುಮ್ಮನಿರ್ತಾನೆ?"

"ಒಳಗಿನ ಥರ್ಮಾಕೋಲ್ ತೆಗೆದು ನೋಡಿ. ಪೇಂಟರ್ ಸಾಕ್ಷಿ ಇದಾನೆ."

"ಏನಂತ ಸಾಕ್ಷಿ ಹೇಳ್ತಾನೆ? ಈ ಹೆಲ್ಮೆಟ್ ಹಾಕ್ಕೊಂಡ್ರೆ ತಲೆ ಉಳಿಯಲ್ಲ ಅಂತ ನಾನು ಗಡಿಬಿಡಿಗೆ ಹೇಳಿದ್ದೆ ಅಂತ. ಗೊತ್ತಿದ್ದೂ ಗೊತ್ತಿದ್ದೂ ಅದೇ ಹೆಲ್ಮೆಟ್ ಭಾವನ ತಲೆ ಮೇಲೆ ಹೇಗೆ ಬಂತು ಅಂತ ಸರ್ಕಾರಿ ವಕೀಲರು ಕೇಳ್ತಾರೆ. ಆಗ ಏನು ಹೇಳ್ತೀರಿ?"

ಅವನನ್ನು ಬಿಡಿಸಲು ನಾನು ಕಷ್ಟಪಟ್ಟು ಹುಡುಕಿ ತಂದ ಸಾಕ್ಷಿ ಅವನನ್ನೇ ಇನ್ನೂ ಬಿಗಿಯಾಗಿ ಕಟ್ಟಿಹಾಕುತ್ತಿತ್ತು.

ಇನ್ಸ್‌ಪೆಕ್ಟರ್ ನೀರಿನ ಲೋಟ ನನ್ನ ಕಡೆ ಸರಿಸಿದರು. "ಅವನು ಮೊದಲು ಬಿದ್ದಿದ್ದ ಅಂತೀರಲ್ಲ, ಎಲ್ಲಿ? ಮೈಮೇಲೆ ಒಂದು ಗಾಯದ ಕಲೆ ಇಲ್ಲ, ನಾನೇ ನೋಡಿದೀನಿ. ಬಿದ್ದವನು ಯಾರೋ ಬೇರೆ ಆದ್ರೆ, ಅವರನ್ನ ಕರ್ಕೊಂಡು ಬನ್ನಿ. ಆ ಹೆಲ್ಮೆಟ್ಟಲ್ಲಿ ನಾನು ಬಿದ್ದಿದ್ದೆ ಅಂತ ಒಬ್ಬರು ಹೇಳಲಿ. ಅದು ಇವನ ಕೈಯಿಂದಲ್ಲ, ಬೇರೆ ಹೇಗೋ ಭಾವನ ತಲೆಗೆ ಬಂತು ಅಂತ ಇನ್ನೊಬ್ಬರು ಹೇಳಲಿ. ನಾಳೆ ಕೋರ್ಟಲ್ಲಿ ನಾನೇ ಕೇಸು ಕೊಲೆಯಲ್ಲ ಅಂತ ಬರೆದುಕೊಡ್ತೀನಿ. ನನಗೇನು ಅವನ ಮೇಲೆ ಹಗೇನಾ?"

"ಅವನ ಹತ್ರ ಮಾತಾಡಬೇಕು."

"ಮಾತಾಡಿ. ಆರು ದಿನದಿಂದ ನಾವೂ ಅದನ್ನೇ ಮಾಡ್ತಿದೀವಿ."

---

ಲಾಕಪ್ಪಿನ ಕಂಬಿಯ ಆಚೆ ಅವನು ಗೋಡೆಗೆ ಒರಗಿ ಕೂತಿದ್ದ. ಮಧ್ಯಾಹ್ನ ಮೂರು ಗಂಟೆ. ಮೇಲಿನ ಕಿಂಡಿಯಿಂದ ಬಿಸಿಲು ಅವನ ಕಾಲಿನ ಮೇಲೆ ಬಿದ್ದಿತ್ತು, ಕಾಲು ಸರಿಸಿಕೊಳ್ಳುವ ಗೋಜಿಗೂ ಅವನು ಹೋಗಿರಲಿಲ್ಲ. ಗಡಿಬಿಡಿ ಅಂತ ಹೆಸರು ಪಡೆದವನು ಇವನೇನಾ ಅನ್ನಿಸಿತು.

ಸ್ಟೂಲು ಎಳೆದುಕೊಂಡು ಕೂತೆ.

"ಪೇಂಟರ್ ಹತ್ರ ಹೋಗಿದ್ದೆ."

ರೆಪ್ಪೆ ಅಲುಗಿತು. ಅಷ್ಟೇ.

"ಬಾಯಿ ಬಿಡಲ್ವಾ? ಬೇಡ ಬಿಡು. ನಾನೇ ಮಾತಾಡ್ತೀನಿ, ನನಗೆ ಅದು ಕಷ್ಟವೇನಲ್ಲ. ಅಂಗಳದಲ್ಲಿ ನೀನು ಭಾವನ ಕುತ್ತಿಗೆಗೆ ಕೈ ಹಾಕಿದ್ದು ನಿಜ. ಆದ್ರೆ ಕುತ್ತಿಗೆ ಹಿಸುಕೋಕಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚೋಕೆ. ಗದ್ದದ ಕೆಳಗೆ ಕೈ ಹಾಕದೆ ಪಟ್ಟಿ ಬಿಚ್ಚೋಕೆ ಆಗುತ್ತಾ? ದೂರದಿಂದ ನೋಡಿದ ಆ ಕಾವಲುಗಾರನಿಗೆ ಅದು ಕುತ್ತಿಗೆ ಹಿಡಿದ ಹಾಗೆ ಕಂಡಿದೆ."

ಅವನು ತಲೆ ಎತ್ತಿದ. ಕಣ್ಣು ಕೆಂಪಗೆ ಊದಿತ್ತು.

"ಅದನ್ನ ತೆಗೆಸೋಕೆ ಹೊಡೆದಾಡಿದೀಯ. ಅವರ ಜೀವ ಉಳಿಸೋಕೆ. ಹಾಗಾದ್ರೆ ಪೊಲೀಸರ ಮುಂದೆ ಯಾಕೋ ಬಾಯಿ ಬಿಡಲ್ಲ? ನಿನ್ನ ಮೈಮೇಲೆ ಒಂದು ಗೀರಿಲ್ಲ. ಬಿದ್ದವನು ನೀನಲ್ಲ. ಯಾರನ್ನೋ ಮುಚ್ಚಿಡ್ತಿದೀಯ. ಮೂರು ವಾರದ ಹಿಂದೆ ಆ ಹೆಲ್ಮೆಟ್ಟಲ್ಲಿ ಇದ್ದ ತಲೆ ಯಾರದು?"

"ನೀವು ಹೋಗಿ" ಅಂದ. ಆರು ದಿನದಲ್ಲಿ ಮೊದಲ ಮಾತು.

"ಹೋಗಲ್ಲ. ಡಿಪೋದವನಾ? ಸ್ನೇಹಿತನಾ? ಯಾವ ಗೆಳೆಯನಿಗೋಸ್ಕರ ಅಕ್ಕನ್ನ ಹೀಗೆ ಬೀದೀಲಿ ಕೂರಿಸಿದೀಯ? ಗಂಡನ್ನ ಕಳ್ಕೊಂಡು ಒಂದು ವಾರ ಆಗಿಲ್ಲ, ಈ ಸ್ಟೇಷನ್ನಿನ ಎದುರಿನ ಬೆಂಚಿನ ಮೇಲೆ ನಿನ್ನ ಬಟ್ಟೆ ಗಂಟು ತೊಡೆ ಮೇಲಿಟ್ಕೊಂಡು ಕೂತಿದಾಳೆ. ನಾಚಿಕೆ ಆಗಲ್ವೇನೋ ನಿನಗೆ? ನಿನಗಿಂತ ಆ ಯಾರೋ ಒಬ್ಬನ..."

"ಅಕ್ಕಂದು."

"ಏನು?"

"ತಲೆ. ಅಕ್ಕಂದು."

ನಾನು ಕೂತ ಸ್ಟೂಲಿನ ಒಂದು ಕಾಲು ಮೋಟು. ಅದು ಕಟಕ್ ಅಂತ ಒಂದು ಕಡೆ ವಾಲಿತು. ಕಂಬಿ ಹಿಡಿದು ಸರಿಯಾಗಿ ಕೂತೆ.

ಆಮೇಲೆ ಅವನು ಮಾತಾಡಿದ. ತಡೆದು ತಡೆದು, ಒಂದೊಂದೇ. ಅಕ್ಕನಿಗೆ ಗಾಡಿ ಕಲಿಯುವ ಆಸೆ. ಭಾವನಿಗೆ ಭಯ. ದಿನಾ ಆಸ್ಪತ್ರೆಗಳಿಗೆ ಹೋಗಿಬರುವ ಮನುಷ್ಯ, ಬಿದ್ದು ಬಂದವರನ್ನೆಲ್ಲ ಕಣ್ಣಲ್ಲಿ ನೋಡುತ್ತಿದ್ದವರು, ನೀನು ಮಾತ್ರ ಗಾಡಿ ಮುಟ್ಟಬೇಡ ಅಂತ ಕೈ ಮುಗಿದು ಕೇಳಿಕೊಂಡಿದ್ದರು. ಅವರಿಗೆ ಗೊತ್ತಾಗದ ಹಾಗೆ ಕಲಿತು, ಒಂದು ದಿನ ಬಾಗಿಲಲ್ಲಿ ಗಾಡಿ ತಂದು ನಿಲ್ಲಿಸಿ ಬೆರಗು ಮಾಡಬೇಕು ಅಂತ ಅಕ್ಕನ ಲೆಕ್ಕಾಚಾರ. ಭಾನುವಾರ ಆಟದ ಮೈದಾನದಲ್ಲಿ ತಮ್ಮನೇ ಗುರು. ಅವಳ ತಲೆಗೆ ತನ್ನ ಹೆಲ್ಮೆಟ್ಟನ್ನು ತಾನೇ ಹಾಕಿದ್ದ.

"ಬ್ರೇಕು ಅಂದ್ಕೊಂಡು ಆ್ಯಕ್ಸಿಲರೇಟರ್ ತಿರುಗಿಸಿಬಿಟ್ಲು. ಕಲ್ಲಿನ ಮೆಟ್ಟಲಿಗೆ ಹೋಗಿ ಬಿದ್ಲು. ಎಡಗಡೆ ಟಪ್ ಅಂತ. ನನ್ನ ಜೀವ ಬಾಯಿಗೆ ಬಂತು. ಅವಳು ಎದ್ದು ಕೂತು ನಗ್ತಿದ್ಲು. 'ಏನೂ ಆಗಿಲ್ಲ ಕಣೋ, ಎಷ್ಟು ಗಟ್ಟಿ ಇದೆ ನೋಡು ನಿನ್ನ ಹೆಲ್ಮೆಟ್ಟು, ಭಾವಂಗೆ ಮಾತ್ರ ಹೇಳ್ಬೇಡ' ಅಂದ್ಲು."

"ನೀನು ಬಣ್ಣ ಹೊಡೆಸಿದೆ."

"ಫಾರಂ ತುಂಬಿದ್ರೆ ಭಾವಂಗೆ ಗೊತ್ತಾಗೋದು. ನಾನೇ ಹಾಕ್ಕೋತೀನಲ್ಲ, ನಾನು ಬೀಳಲ್ಲ ಅಂದ್ಕೊಂಡೆ." ಕಂಬಿ ಹಿಡಿದುಕೊಂಡ. "ಅವತ್ತು ಭಾವನ ಹೆಲ್ಮೆಟ್ಟಿನ ಒಳಬಟ್ಟೆ ಒಗೆದು ಹಾಕಿತ್ತು, ಒಣಗಿರಲಿಲ್ಲ. ನಾನು ಸ್ನಾನ ಮುಗಿಸಿ ಬರೋ ಹೊತ್ತಿಗೆ ಮೊಳೆ ಮೇಲೆ ಒಂಬತ್ತಿಲ್ಲ. ಬರೀ ನಾಲ್ಕಿದೆ. ಭಾವ ಹೊರಟುಹೋಗಿದ್ರು. ತಲೆ ಒರೆಸ್ಕೊಳ್ದೆ ನಾಲ್ಕನ್ನೇ ಎತ್ಕೊಂಡು ಓಡಿದೆ. ಅಂಗಳದಲ್ಲಿ ಸಿಕ್ರು. ಬಿಚ್ಚಿ ಕೊಡಿ ಭಾವ ಅಂದೆ. 'ಒಂದು ಹೆಲ್ಮೆಟ್ಟಿಗೆ ಜಗಳಾನೇನೋ, ಮದುವೇಲಿ ನಿನ್ನ ಅಕ್ಕನ್ನೇ ಕೊಟ್ಟಿದೀಯ' ಅಂತ ಎಲ್ರ ಮುಂದೆ ನಕ್ರು. ಯಾಕೆ ಅಂತ ಹೇಳಲಿ? ಅಕ್ಕನ ವಿಷಯ ಹೇಗೆ ಹೇಳಲಿ? ಪಟ್ಟಿಗೆ ಕೈ ಹಾಕ್ದೆ. ತಳ್ಳಿ ಹೋಗ್ಬಿಟ್ರು."

"ನೀನು ಹಿಂದೇನೇ ಹೋದೆ."

"ಹಾರ್ನ್ ಹೊಡ್ಕೊಂಡು ಹೋದೆ. ನಿಲ್ಲಲಿ, ರಸ್ತೇಲಿ ಒಬ್ಬರೇ ಸಿಗಲಿ, ಕಾಲಿಗೆ ಬಿದ್ದಾದ್ರೂ ಹೇಳ್ತೀನಿ ಅಂತ. ಐಸ್ ಫ್ಯಾಕ್ಟರಿ ತಿರುವಲ್ಲಿ ರಸ್ತೆ ಮೇಲೆಲ್ಲ ನೀರು. ನನ್ನ ಹಾರ್ನಿಗೆ ತಿರುಗಿ ನೋಡಿದ್ರು."

ಇನ್ನು ಕೇಳುವುದು ಏನಿತ್ತು? ಮೆಲ್ಲಗೆ ಜಾರಿದ ಗಾಡಿ. ಒಂದೂ ಒಡೆಯದ ಸೀಸೆಗಳು. ಗಟ್ಟಿ ಹೆಲ್ಮೆಟ್ ಇದ್ದಿದ್ದರೆ ಎದ್ದು ಬಟ್ಟೆ ಕೊಡವಿಕೊಂಡು ಬಾಮೈದನಿಗೆ ನಾಲ್ಕು ಬೈದು ಹೊರಟುಹೋಗುವಷ್ಟು ಸಣ್ಣ ಏಟು.

"ಇದನ್ನೇ ಹೇಳೋ" ಅಂದೆ. "ಇನ್ಸ್‌ಪೆಕ್ಟರ್ ಕೇಳ್ತಾರೆ. ಅಕ್ಕ ಬಂದು ಹೌದು ಅಂದ್ರೆ ಮುಗೀತು. ನಾಳೆ ನೀನು ಮನೇಲಿರ್ತೀಯ."

"ಅವಳಿಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ? ಬಿದ್ದಿದ್ದು ಅವಳೇ ತಾನೆ?"

"ಹೆಲ್ಮೆಟ್ಟು ಒಂದು ಸಲ ಬಿದ್ರೆ ಸಾಯುತ್ತೆ ಅಂತ ಗೊತ್ತಿಲ್ಲ. ಅವತ್ತು ಬಿದ್ದಿದ್ದು ಅಲ್ಲಿಗೇ ಮುಗೀತು ಅಂದ್ಕೊಂಡಿದಾಳೆ. ಗೀರಾಯ್ತು, ಬಣ್ಣ ಹೊಡೆಸಿದೆ, ಅಷ್ಟೇ ಅಂತ." ಅವನು ಮುಖವನ್ನು ಕಂಬಿಯ ಹತ್ತಿರ ತಂದ. "ಸೀಟಿಯಮ್ಮ, ನಿಮಗೆ ಕೈ ಮುಗೀತೀನಿ. ಗಂಡ ಸತ್ತಿದ್ದು ತನ್ನಿಂದ ಅಂತ ಅವಳಿಗೆ ಗೊತ್ತಾಗಬಾರದು. ನಾನು ಜೈಲಲ್ಲಿ ಇದ್ದು ಬದುಕ್ತೀನಿ. ಅದನ್ನ ತಿಳ್ಕೊಂಡು ಅವಳು ಬದುಕಲ್ಲ. ನಮ್ಮಕ್ಕ ಎಂಥವಳು ಅಂತ ನನಗೆ ಗೊತ್ತು. ಸಣ್ಣವನಿದ್ದಾಗ ನನಗೆ ಜ್ವರ ಬಂದ್ರೆ ಅವಳು ಅನ್ನ ಬಿಡ್ತಿದ್ಲು."

"ತಪ್ಪು ಅವಳದಲ್ಲ. ಬಣ್ಣ ಹೊಡೆಸಿದವನು ನೀನು. ನಿಮ್ಮ ಡಿಪೋ. ಆ ಫಾರಮ್ಮು."

"ಅದನ್ನ ಅವಳಿಗೆ ನಂಬಿಸ್ತೀರಾ?"

ಆಗಲ್ಲ ಅಂತ ನನಗೂ ಗೊತ್ತಿತ್ತು.

"ನೀವು ಹೇಳಿದ್ರೆ, ನಾಳೆ ಜಡ್ಜ್ ಮುಂದೆ ನಾನೇ ಕೊಂದೆ ಅಂತ ಒಪ್ಕೋತೀನಿ. ಕಲ್ಲು ತಗೊಂಡು ಹೊಡೆದೆ ಅಂತೀನಿ. ಆಗ ನಿಮ್ಮ ಪೇಂಟರ್ ಏನು ಹೇಳಿದ್ರೂ ಅಷ್ಟೇ." ಮತ್ತೆ ಹೋಗಿ ಗೋಡೆಗೆ ಒರಗಿ ಕೂತ. ಬಿಸಿಲು ಅಷ್ಟರಲ್ಲಿ ಅಲ್ಲಿಂದ ಸರಿದಿತ್ತು.

ನಾನು ಎದ್ದೆ. ಎಂಥೆಂಥವರನ್ನೋ ಗದರಿಸಿ ಬಾಯಿ ಬಿಡಿಸಿದವಳು. ಲಾರಿಯವರನ್ನು, ಮಂತ್ರಿಯ ಮಗನನ್ನು. ಈ ಒಬ್ಬ ಹುಚ್ಚನ ಮುಂದೆ ನನ್ನ ಹತ್ತಿರ ಒಂದು ಬೈಗುಳವೂ ಉಳಿದಿರಲಿಲ್ಲ. ಹೊರಗೆ ಬಂದೆ. ಇನ್ಸ್‌ಪೆಕ್ಟರ್ ಹುಬ್ಬು ಹಾರಿಸಿ 'ಏನಾಯ್ತು' ಅನ್ನುವ ಹಾಗೆ ನೋಡಿದರು. ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ, ನನಗೇ ಗೊತ್ತಿಲ್ಲ.

---

ಅಕ್ಕ ಬೆಂಚಿನ ಮೇಲೆ ಹಾಗೇ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದು ಬಟ್ಟೆ ಗಂಟನ್ನು ಪಕ್ಕಕ್ಕಿಟ್ಟು ಜಾಗ ಮಾಡಿಕೊಟ್ಟಳು. ಆರು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು, ಆದರೂ ನಾನು ಕೂರುವ ಜಾಗದ ಧೂಳನ್ನು ಕೈಯಿಂದ ಒರೆಸಿದಳು.

"ಮಾತಾಡಿದ್ನಾ?"

"ಇಲ್ಲಮ್ಮ" ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

"ಊಟ ಮಾಡಿದಾನಾ?"

"ಮಾಡಿದಾನೆ." ಅದೂ ಸುಳ್ಳು.

ಏನಾದರೂ ನೆಪ ಹೇಳಿ ಎದ್ದುಹೋಗಬೇಕು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಯೋಚನೆ ಮಾಡಬೇಕು ಅಂತಿದ್ದೆ. ಅವಳು ಬಿಡಲಿಲ್ಲ.

"ಮೇಡಂ, ನನಗೆ ಒಂದು ಹೊಳೆದಿದೆ. ಹೇಳ್ಲಾ? ತಪ್ಪಾದ್ರೆ ಬೈಬೇಡಿ." ಅವಳ ಕಣ್ಣಲ್ಲಿ ಮೊದಲ ಸಲ ಸ್ವಲ್ಪ ಜೀವ ಕಂಡಿತು. "ಆ ಹೆಲ್ಮೆಟ್ಟನ್ನ ಇವರ ತಲೆಗೆ ತಮ್ಮನೇ ಆಮೇಲೆ ತೊಡಿಸಿದ ಅಂತ ಪೊಲೀಸ್ನೋರು ಹೇಳ್ತಿದಾರೆ ಅಂದ್ರಲ್ಲ ನೀವು ನಿನ್ನೆ? ಅಲ್ಲಿಂದ ಅದೇ ಯೋಚ್ನೆ. ಅವನು ತೊಡಿಸಿದ್ದಲ್ಲ ಮೇಡಂ. ನಾನು."

"ಏನಂದೆ?"

"ನಾನೇ ಕೊಟ್ಟಿದ್ದು. ಇವರದ್ದರ ಒಳಬಟ್ಟೆ ಒಗೆದು ಹಾಕಿದ್ದೆ, ಬೆವರಿನ ವಾಸನೆ ಅಂತ. ಒಣಗಿರಲಿಲ್ಲ. ಇವರು ಒದ್ದೇನೇ ಹಾಕ್ಕೊಂಡು ಹೋಗ್ತೀನಿ ಅಂತ ಹೊರಟಿದ್ರು. ನೆಗಡಿ ಆಗುತ್ತೆ, ತಮ್ಮಂದು ಹಾಕ್ಕೊಂಡು ಹೋಗಿ ಅಂತ ನಾನೇ ಮೊಳೆಯಿಂದ ತೆಗೆದುಕೊಟ್ಟೆ. ಬೇಡ ಅಂದ್ರು. ನಾನು ಬಿಡಲಿಲ್ಲ, ನಾನೇ ತಲೆಗೆ ಹಾಕಿ ಪಟ್ಟೀನೂ ನಾನೇ ಬಿಗಿದೆ."

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದು ಹೋಗುವವರೆಗೂ ಅವಳು ಕಾದಳು, ನನಗೆ ಪ್ರತಿ ಮಾತೂ ಕೇಳಬೇಕು ಅಂತ.

"ಅದು ತುಂಬ ಗಟ್ಟಿ ಹೆಲ್ಮೆಟ್ಟು ಅಂತ ನನಗೆ ಗೊತ್ತಿತ್ತು ಮೇಡಂ. ಇನ್ನು ಮುಚ್ಚಿಡಲ್ಲ. ನಾನು ಇವರಿಗೆ ಹೇಳ್ದೆ ಗಾಡಿ ಕಲೀತಿದ್ದೆ. ಒಂದು ದಿನ ಕಲ್ಲಿಗೆ ಬಿದ್ದೆ. ನನಗೆ ಒಂದು ಗಾಯ ಆಗಲಿಲ್ಲ. ನನ್ನ ತಲೆ ಉಳಿಸಿದ್ದು ಅದೇ. ಅದಕ್ಕೇ ಅವತ್ತು ಇವರಿಗೂ ಅದೇ ಇರಲಿ ಅಂತ..." ಅವಳಿಗೆ ಅಳು ಬಂತು, ನುಂಗಿಕೊಂಡಳು. "ಇದನ್ನ ಮೊದಲೇ ಹೇಳ್ಬೇಕಿತ್ತು. ಯಾರೂ ಕೇಳಲಿಲ್ಲ. ನನಗೂ ನಾಚಿಕೆ ಆಯ್ತು, ಗಂಡನ್ನ ಕಳ್ಕೊಂಡವಳು ಕದ್ದು ಗಾಡಿ ಕಲೀತಿದ್ದೆ ಅಂತ ಹೇಳೋಕೆ. ಈಗ ಹೇಳಿದ್ರೆ ತಮ್ಮ ಹೊರಗೆ ಬರ್ತಾನಾ?"

ಇನ್ಸ್‌ಪೆಕ್ಟರ್ ಕೇಳಿದ್ದು ಎರಡು ಮಾತು. ಆ ಹೆಲ್ಮೆಟ್ಟಲ್ಲಿ ಬಿದ್ದವರು ಯಾರು, ಅದನ್ನು ಭಾವನ ತಲೆಗೆ ಹಾಕಿದವರು ಯಾರು. ಎರಡಕ್ಕೂ ಇಬ್ಬರನ್ನು ಹುಡುಕಬೇಕು ಅಂದುಕೊಂಡಿದ್ದೆ. ಎರಡೂ ಮಾತನ್ನು ಒಬ್ಬಳೇ ತಂದು ನನ್ನ ಕೈಗೆ ಹಾಕಿದ್ದಳು. ಅವಳು ಬಾಯಿ ಬಿಟ್ಟರೆ ತಮ್ಮ ಏನು ಒಪ್ಪಿಕೊಂಡರೂ ನಡೆಯುವುದಿಲ್ಲ. ನಾಳೆ ಹನ್ನೆರಡರೊಳಗೆ ಕೊಲೆಯ ಆರೋಪ ಬಿದ್ದುಹೋಗುತ್ತದೆ.

ಮತ್ತೆ ಅದೇ ಹನ್ನೆರಡರೊಳಗೆ, ತುಂಬಿದ ಕೋರ್ಟಿನಲ್ಲಿ, ಕರೀ ಕೋಟಿನ ಯಾರೋ ಒಬ್ಬ ಎದ್ದುನಿಂತು ಸತ್ತ ಹೆಲ್ಮೆಟ್ ಅಂದರೇನು ಅಂತ ಅವಳಿಗೆ ವಿವರಿಸುತ್ತಾನೆ. ನಾನು ಹೇಳದಿದ್ದರೆ ಅವನು ಹೇಳುತ್ತಾನೆ. ಯಾರೂ ಹೇಳಬಾರದು ಅಂದರೆ ಅವಳು ಅಲ್ಲಿಗೆ ಹೋಗಬಾರದು. ಅವಳು ಹೋಗದಿದ್ದರೆ ತಮ್ಮ ಹೋದ.

ತಿರುಗಿ ತಿರುಗಿ ಅಲ್ಲಿಗೇ ಬರುತ್ತಿತ್ತು. ಜೀವನದಲ್ಲಿ ಇಷ್ಟು ಕೈಲಾಗದವಳು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

"ಹೇಳಿ ಮೇಡಂ, ಬರ್ತಾನಾ?"

"ಬರ್ತಾನೆ" ಅಂದೆ. ಅದೊಂದು ಮಾತ್ರ ಸುಳ್ಳಲ್ಲ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಆರು ದಿನದ ಮೇಲೆ ನಕ್ಕಳು. ಆ ನಗುವನ್ನು ನೋಡಲಾಗದೆ ನಾನು ಅವಳ ಚಪ್ಪಲಿ ನೋಡುತ್ತ ಕೂತೆ.

"ಹಾಗಾದ್ರೆ ನಾಳೆ ನಾನೇ ಹೇಳ್ತೀನಿ. ಆದ್ರೆ ಅಷ್ಟು ಜನರ ಮುಂದೆ ನನಗೆ ಮಾತು ತಡವರಿಸುತ್ತೆ." ಚೀಲದಿಂದ ಆಸ್ಪತ್ರೆಯ ಚೀಟಿಯೊಂದನ್ನು ತೆಗೆದು ಹಿಂದುಮುಂದು ಮಾಡಿ, ಖಾಲಿ ಬದಿಯನ್ನು ತೊಡೆಯ ಮೇಲೆ ನೀವಿ, ಪೆನ್ನಿನ ಜೊತೆ ನನ್ನ ಕೈಗೆ ಕೊಟ್ಟಳು. "ಹೇಗೆ ಹೇಳ್ಬೇಕು ಅಂತ ನೀವೇ ಬರ್ಕೊಡಿ. ಇವತ್ತು ಕೂತು ಬಾಯಿಪಾಠ ಮಾಡ್ಕೋತೀನಿ. ಒಂದಕ್ಷರ ತಪ್ಪಲ್ಲ."

"ಮನೆಗೆ ಹೋಗಿ ಬರೆದುಕೊಡ್ಲಾ?"

"ಇಲ್ಲೇ ಬರೀರಿ ಮೇಡಂ. ನೀವು ಬರೆಯೋದನ್ನ ನೋಡಿದ್ರೆ ನನಗೆ ಧೈರ್ಯ ಬರುತ್ತೆ."

ಪೆನ್ನು ಹಿಡಿದೆ. ಎಷ್ಟು ಅಪಘಾತಗಳ ಹೇಳಿಕೆ ಬರೆದ ಕೈ ಇದು! ಒಂದು ಸಾಲು ಬರೆದೆ. ಅಕ್ಷರ ನನ್ನದು ಅಂತಲೇ ಅನ್ನಿಸಲಿಲ್ಲ.

ಅವಳು ನನ್ನ ಭುಜದ ಮೇಲಿಂದ ಬಗ್ಗಿ, ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಓದಿದಳು. "'ನನ್ನ ಗಂಡ ಸಾಯುವ ಹದಿನೈದು ದಿನ ಮೊದಲು, ಅದೇ ಹೆಲ್ಮೆಟ್ ಹಾಕಿಕೊಂಡು ನಾನು ಒಮ್ಮೆ ಬಿದ್ದಿದ್ದೆ.' ಸರಿ. ಬಂತು." ಕಣ್ಣು ಮುಚ್ಚಿ ಇನ್ನೊಂದು ಸಲ ಹೇಳಿಕೊಂಡಳು. ಕಣ್ಣು ತೆರೆದು, ನಿಂತುಹೋಗಿದ್ದ ನನ್ನ ಕೈ ನೋಡಿದಳು.

"ಆಮೇಲೆ?" ಅಂದಳು.